ಊಹೆ ಮಾಡೋ ಪಾರ್ಸರ್‌ಗಿಂತ ಬೈಯೋ ಪಾರ್ಸರ್ ವಾಸಿ

ಡೇಟ್ ಫಾರ್ಮ್ಯಾಟ್ ಮಾಡೋದು ಅಂದ್ರೆ ತಾರೀಕನ್ನ ಅಕ್ಷರಗಳಲ್ಲಿ ಬರೆದು ತೋರಿಸೋದು, ಪಾರ್ಸ್ ಮಾಡೋದು ಅಂದ್ರೆ ಹಾಗೆ ಬರೆದಿದ್ದನ್ನ ಓದಿ ಮತ್ತೆ ತಾರೀಕು ಮಾಡೋದು, ಎರಡೂ ಒಂದೇ ಕೆಲಸದ ಹಿಂದುಮುಂದು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಲೈಬ್ರರಿಗಳಲ್ಲೂ ಆ ಎರಡು ಫಂಕ್ಷನ್ ಅಕ್ಕಪಕ್ಕದಲ್ಲೇ ಇರುತ್ತಲ್ಲ, ಅದಕ್ಕೆ. ಹಾಗೇನಿಲ್ಲ. ಫಾರ್ಮ್ಯಾಟ್ ಮಾಡೋವಾಗ ನಮ್ಮ ಕೈಲಿ ಪೂರ್ತಿ ಮಾಹಿತಿ ಇರುತ್ತೆ, ಅದ್ರಲ್ಲಿ ಬೇಕಾದಷ್ಟು ತೋರಿಸಿ ಮಿಕ್ಕಿದ್ದನ್ನ ಬಿಟ್ಟುಬಿಡ್ತೀವಿ. ಇಸವಿ ಬೇಡ ಅಂದ್ರೆ ಇಸವಿ ಇಲ್ಲ, ಟೈಮ್‌ಝೋನ್ ಅಂತೂ ಯಾರೂ ತೋರಿಸೋದೇ ಇಲ್ಲ. ಪಾರ್ಸ್ ಮಾಡೋವಾಗ ಹಾಗೆ ಬಿಟ್ಟಿದ್ದನ್ನೆಲ್ಲ ಯಾರಾದ್ರೂ ಮತ್ತೆ ತುಂಬಬೇಕು. ಆ ತುಂಬೋರು ಯಾರು, ಎಲ್ಲಿಂದ ತಂದು ತುಂಬ್ತಾರೆ, ಡೇಟ್ ಬಗ್‌ಗಳಲ್ಲಿ ಮುಕ್ಕಾಲು ಪಾಲು ಇಷ್ಟೇ ಕಥೆ.

ಒಂದು ಹಳೇ ಉದಾಹರಣೆ ತಗೊಳ್ಳಿ. ಹಳೇ ಸಿಸ್‌ಲಾಗ್ (ಕಂಪ್ಯೂಟರ್ ತನ್ನೊಳಗೆ ಏನೇನಾಯ್ತು ಅಂತ ಬರೆದಿಡೋ ದಾಖಲೆ) ಸಾಲುಗಳಲ್ಲಿ ತಿಂಗಳು, ದಿನ, ಗಂಟೆ ನಿಮಿಷ ಸೆಕೆಂಡ್ ಇರುತ್ತೆ, ಇಸವಿ ಇರಲ್ಲ. ಪೈಥಾನ್ ಭಾಷೆಯಲ್ಲಿ ಡೇಟ್ ಪಾರ್ಸ್ ಮಾಡೋ ಸ್ಟ್ರಪ್‌ಟೈಮ್ ಫಂಕ್ಷನ್‌ಗೆ ಇಸವಿ ಇಲ್ಲದ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ರೆ ಅದು ಸುಮ್ನೆ 1900 ಅಂತ ತುಂಬಿಕೊಳ್ಳುತ್ತೆ. ಸರಿ, ಆಮೇಲೆ ನಾವೇ ಈ ವರ್ಷದ ಇಸವಿ ಹಾಕಿ ಬದಲಾಯಿಸಿಕೊಂಡ್ರಾಯ್ತು ಅಂತ ಎಲ್ಲರೂ ಕೋಡ್ ಬರೀತಾರೆ, ಅದು ಚೆನ್ನಾಗೇ ಓಡುತ್ತೆ, ಫೆಬ್ರವರಿ 29 ಬರೋ ತನಕ. 1900 ಲೀಪ್ ವರ್ಷ ಅಲ್ಲ! ನೂರರಿಂದ ಭಾಗ ಆಗುತ್ತೆ, ನಾನೂರರಿಂದ ಆಗಲ್ಲ. ಹಾಗಾಗಿ ಇಸವಿ ಬದಲಾಯಿಸೋ ಸಾಲಿಗೆ ಬರೋದಕ್ಕೂ ಮುಂಚೆ ಪಾರ್ಸ್ ಮಾಡೋ ಸಾಲಲ್ಲೇ ಎಕ್ಸೆಪ್ಶನ್ ಬಿದ್ದು ಲಾಗ್ ಓದೋ ಪ್ರೋಗ್ರಾಂ ಸತ್ತುಹೋಗುತ್ತೆ, ನಾಲ್ಕು ವರ್ಷಕ್ಕೊಂದು ದಿನ. ಮಾರನೇ ದಿನ ಯಾರೋ ಬಂದು ನೋಡೋ ಹೊತ್ತಿಗೆ ಎಲ್ಲಾ ಸರಿ ಇರುತ್ತೆ. ಇದು ಎಷ್ಟು ಜನಕ್ಕೆ ಕಾಟ ಕೊಟ್ಟಿದೆ ಅಂದ್ರೆ ಪೈಥಾನ್ 3.13ರಿಂದ ಇಸವಿ ಇಲ್ಲದೆ ದಿನ ಪಾರ್ಸ್ ಮಾಡಿದ್ರೆ ವಾರ್ನಿಂಗ್ ಕೊಡೋಕೆ ಶುರು ಮಾಡಿದ್ದಾರೆ. ಪರಿಹಾರ ಸಿಂಪಲ್, ಪಾರ್ಸ್ ಆದ್ಮೇಲೆ ಇಸವಿ ಹಾಕಬೇಡಿ, ಸ್ಟ್ರಿಂಗ್‌ಗೇ ಮುಂಚೆ ಇಸವಿ ಅಂಟಿಸಿ ಆಮೇಲೆ ಪಾರ್ಸ್ ಮಾಡಿ. ಜನವರಿ 1ರಂದು ಡಿಸೆಂಬರ್ 31ರ ಲಾಗ್ ಓದೋವಾಗ ಯಾವ ಇಸವಿ ಅಂಟಿಸ್ತೀರ ಅನ್ನೋದು ಬೇರೆ ಪ್ರಶ್ನೆ, ಅದನ್ನ ನೀವೇ ಯೋಚನೆ ಮಾಡ್ಬೇಕು, ಲೈಬ್ರರಿಗೆ ಅದು ಗೊತ್ತಾಗೋಕೆ ಸಾಧ್ಯ ಇಲ್ಲ.

ಇಸವಿ ಇಲ್ಲದಿದ್ರೆ ಹೀಗೆ, ಅರ್ಧ ಇಸವಿ ಇದ್ರೆ ಇನ್ನೂ ಮಜಾ. ಎರಡಂಕಿ ಇಸವಿ, ಅಂದ್ರೆ 45 ಅಂತ ಬರೆದಿದ್ರೆ ಅದು 1945ಓ 2045ಓ? ಪಾಸಿಕ್ಸ್ ಅನ್ನೋ ಯುನಿಕ್ಸ್ ಕಡೆಯ ಸ್ಟ್ಯಾಂಡರ್ಡ್ ಪ್ರಕಾರ 69ರಿಂದ 99 ಅಂದ್ರೆ ಹೋದ ಶತಮಾನ, 00ಯಿಂದ 68 ಅಂದ್ರೆ ಈ ಶತಮಾನ, ಹಾಗಾಗಿ ಸಿ ಮತ್ತೆ ಪೈಥಾನ್‌ನಲ್ಲಿ 45 ಅಂದ್ರೆ 2045. ಎಕ್ಸೆಲ್‌ನಲ್ಲಿ ಸಾಮಾನ್ಯವಾಗಿ 29ರ ತನಕ ಈ ಶತಮಾನ, 30ರಿಂದ ಹಿಂದಿನದು, ಸೋ ಅಲ್ಲಿ 1945. ಜಾವಾದ ಹೊಸ ಟೈಮ್ ಪ್ಯಾಕೇಜ್‌ನಲ್ಲಿ ಎರಡಂಕಿ ಯಾವಾಗಲೂ 2000ದಿಂದ 2099ರ ಒಳಗೆ. ಇವೆಲ್ಲ ಹೋಗ್ಲಿ, ಒಂದೊಂದು ಒಂದೊಂದು ನಿಯಮ ಇಟ್ಕೊಂಡಿದೆ. ಜಾವಾದ ಹಳೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಇದ್ಯಲ್ಲ, ಅದು ಇವತ್ತಿನಿಂದ 80 ವರ್ಷ ಹಿಂದೆ, 20 ವರ್ಷ ಮುಂದೆ ಅಂತ ಒಂದು ಕಿಟಕಿ ಇಟ್ಕೊಂಡು ಅದ್ರೊಳಗೆ ಬರೋ ಇಸವಿ ಆರಿಸಿಕೊಳ್ಳುತ್ತೆ. ಅಂದ್ರೆ 2024ರಲ್ಲಿ ಅದೇ ಕೋಡ್‌ಗೆ 45 ಕೊಟ್ರೆ 1945, 2026ರಲ್ಲಿ ಅದೇ ಕೋಡ್‌ಗೆ ಅದೇ 45 ಕೊಟ್ರೆ 2045. ನಡುವಿನ 2025ರಲ್ಲಿ? ಇವತ್ತಿನ ತಾರೀಕಿಗಿಂತ ಹಿಂದಿನ ತಾರೀಕಾದ್ರೆ 2045, ಮುಂದಿನದಾದ್ರೆ 1945. ಯಾರೂ ಒಂದು ಸಾಲು ಕೋಡ್ ಮುಟ್ಟಿಲ್ಲ, ಡೇಟಾ ಬದಲಾಗಿಲ್ಲ, ಒಬ್ಬ ಅಜ್ಜ ರಾತ್ರೋರಾತ್ರಿ ಇನ್ನೂ ಹುಟ್ಟದೇ ಇರೋನಾಗಿಬಿಟ್ಟ. ಇದನ್ನ ಬಗ್ ಅಂತ ಯಾರೂ ಹೇಳೋ ಹಾಗಿಲ್ಲ, ಡಾಕ್ಯುಮೆಂಟೇಶನ್‌ನಲ್ಲಿ ನೀಟಾಗಿ ಬರೆದಿದ್ದಾರೆ.

ಸಿಂಪಲ್‌ಡೇಟ್‌ಫಾರ್ಮ್ಯಾಟ್ ವಿಷಯಕ್ಕೆ ಬಂದಿದ್ದೀವಿ ಅಂದ್ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ, ಯಾಕಂದ್ರೆ ಊಹೆ ಮಾಡೋ ಪಾರ್ಸರ್ ಅಂದ್ರೆ ಹೇಗಿರುತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಸ್ಯಾಂಪಲ್ ಸಿಗಲ್ಲ. ಇದರ ಡೀಫಾಲ್ಟ್ ಸ್ವಭಾವಕ್ಕೆ ಲೀನಿಯೆಂಟ್, ಅಂದ್ರೆ ಸಡಿಲ, ಅಂತಾರೆ. 2024-13-45 ಕೊಡಿ, ಹದಿಮೂರನೇ ತಿಂಗಳ ನಲವತ್ತೈದನೇ ದಿನ. ಅದು ಬೇಜಾರೇ ಮಾಡ್ಕೊಳ್ಳಲ್ಲ, 2024ರ ಹದಿಮೂರನೇ ತಿಂಗಳು ಅಂದ್ರೆ 2025ರ ಜನವರಿ, ಅದರ 45ನೇ ದಿನ ಅಂದ್ರೆ ಫೆಬ್ರವರಿ 14, ತಗೊಳ್ಳಿ ಅಂತ ಕೊಡುತ್ತೆ. ಈಗ ಇಸವಿ ಮೊದಲು ಬರೋ ಪ್ಯಾಟರ್ನ್ (ಯಾವುದು ಯಾವ ಕ್ರಮದಲ್ಲಿದೆ ಅಂತ ಅಕ್ಷರಗಳಲ್ಲಿ ಹೇಳೋ ನಮೂನೆ) ಇಟ್ಕೊಂಡು 04-03-2024 ಅಂತ ದಿನ ಮೊದಲು ಇರೋ ಸ್ಟ್ರಿಂಗ್ ಕೊಡಿ. ಎರರ್ ಬರುತ್ತೆ ಅಂತ ತಾನೇ ಅಂದ್ಕೊಳ್ತೀರ? ಇಲ್ಲ. 04 ಅನ್ನೋದು ಇಸವಿ, ಅಂದ್ರೆ ಕ್ರಿಸ್ತಶಕ 4. 03 ತಿಂಗಳು, ಮಾರ್ಚ್. ದಿನ 2024. ಕ್ರಿಸ್ತಶಕ 4ನೇ ಇಸವಿ ಮಾರ್ಚ್ ತಿಂಗಳ 2024ನೇ ದಿನ ಎಲ್ಲಿಗೆ ಬರುತ್ತೆ ಅಂತ ಎಣಿಸಿದ್ರೆ ಐದೂವರೆ ವರ್ಷ ಮುಂದೆ, ಕ್ರಿಸ್ತಶಕ 9ನೇ ಇಸವಿ ಸೆಪ್ಟೆಂಬರ್ 14. ಅದನ್ನೇ ಡೇಟಾಬೇಸ್‌ಗೆ ಸೇರಿಸಿ ಖುಷಿಯಾಗಿ ಮುಂದೆ ಹೋಗುತ್ತೆ. ಯಾವತ್ತಾದ್ರೂ ಟೇಬಲ್‌ನಲ್ಲಿ 0009 ಅನ್ನೋ ಇಸವಿ ಕಂಡ್ರೆ ಹೀಗೇ ಆಗಿದೆ ಅಂತ ಕಣ್ಮುಚ್ಕೊಂಡು ಹೇಳಬಹುದು.

ಇನ್ನೊಂದಿದೆ, ಇದು ಇನ್ನೂ ಸೂಕ್ಷ್ಮ, ಯಾಕಂದ್ರೆ ಉತ್ತರ ಸರಿ ಇರೋ ಥರಾನೇ ಕಾಣುತ್ತೆ. ಪ್ಯಾಟರ್ನ್‌ನಲ್ಲಿ ಮಿಲಿಸೆಕೆಂಡ್‌ಗೆ ಅಂತ ಮೂರು ದೊಡ್ಡ ಎಸ್ ಹಾಕಿರ್ತೀರ. ಆಚೆ ಕಡೆ ಸರ್ವರ್‌ನವರು ಒಂದಿನ ಮೈಕ್ರೊಸೆಕೆಂಡ್ ಕಳಿಸೋಕೆ ಶುರು ಮಾಡ್ತಾರೆ, 10:30:00.123456 ಅಂತ. ಪಾಯಿಂಟ್ ಆದ್ಮೇಲಿನ ಆರಂಕಿಯನ್ನ ಈ ಪಾರ್ಸರ್ ದಶಮಾಂಶ ಅಂತ ನೋಡಲ್ಲ, 123456 ಮಿಲಿಸೆಕೆಂಡ್ ಅಂತ ಓದಿಕೊಳ್ಳುತ್ತೆ, ಅಂದ್ರೆ 123 ಸೆಕೆಂಡ್ ಚಿಲ್ಲರೆ. ಟೈಮು 10:32:03 ಆಯ್ತು. ಎರಡು ನಿಮಿಷ ಮುಂದೆ. ಒಂದೊಂದು ಸಾಲಿಗೂ ಒಂದೊಂದು ಲೆಕ್ಕದಲ್ಲಿ ಮುಂದೆ, ಸೊನ್ನೆಯಿಂದ ಹದಿನೇಳು ನಿಮಿಷದ ಒಳಗೆ ಎಲ್ಲಾದ್ರೂ. ಎರಡು ಸಿಸ್ಟಂನ ಗಡಿಯಾರ ಹೊಂದಿಕೆ ಆಗ್ತಿಲ್ಲ ಅಂತ ನೆಟ್‌ವರ್ಕ್ ಟೀಮ್‌ನೋರನ್ನ ಹಿಡ್ಕೊಂಡು ಕೂತಿರ್ತಾರೆ ಜನ, ಪಾಪ.

2014ರಲ್ಲಿ ಬಂದ ಜಾವಾ 8ರಲ್ಲಿ ಇದಕ್ಕೆಲ್ಲ ಹೊಸ ಪ್ಯಾಕೇಜ್ ಬಂತು, ಜೋಡಾಟೈಮ್ ಅನ್ನೋ ಡೇಟ್ ಲೈಬ್ರರಿ ಬರೆದಿದ್ದ ಸ್ಟೀಫನ್ ಕೋಲ್‌ಬೋರ್ನ್ ಅವರೇ ಅದರ ಮುಂದಾಳು. ಅದು ತುಂಬಾ ಒಳ್ಳೇ ಡಿಸೈನ್, ಹದಿಮೂರನೇ ತಿಂಗಳು ಕೊಟ್ರೆ ಬೈಯುತ್ತೆ, ಮೇಲೆ ಹೇಳಿದ ಕ್ರಿಸ್ತಶಕ 9ರ ಆಟ ಅಲ್ಲಿ ನಡೆಯಲ್ಲ. ಆದ್ರೆ ಅದರಲ್ಲೂ ಡೀಫಾಲ್ಟ್ ಮೋಡ್‌ಗೆ ಸ್ಮಾರ್ಟ್ ಅಂತ ಹೆಸರಿಟ್ಟಿದ್ದಾರೆ, ಫೆಬ್ರವರಿ 31 ಅಂತ ಪ್ಯಾಟರ್ನ್‌ಗೆ ಕೊಟ್ರೆ ಸದ್ದಿಲ್ಲದೆ ಫೆಬ್ರವರಿ ಕೊನೇ ದಿನಕ್ಕೆ ಎಳೆದುಬಿಡುತ್ತೆ. ಸ್ಮಾರ್ಟ್ ಅನ್ನೋ ಹೆಸರು ಕಂಡ್ರೇ ನನಗೆ ಅನುಮಾನ. ಸ್ಟ್ರಿಕ್ಟ್ ಅಂತ ಕೇಳಿ ಹಾಕ್ಕೊಳ್ಳಿ. ಸ್ಟ್ರಿಕ್ಟ್ ಹಾಕಿದ ತಕ್ಷಣ ಸಣ್ಣ ವೈ ನಾಲ್ಕು ಸಲ ಬರೆದಿದ್ದ ಪ್ಯಾಟರ್ನ್ ಕೆಲಸ ನಿಲ್ಲಿಸುತ್ತೆ, ಗಾಬರಿ ಆಗ್ಬೇಡಿ, ಅಲ್ಲಿ ವೈ ಅಂದ್ರೆ ಕ್ರಿಸ್ತಪೂರ್ವ ಕ್ರಿಸ್ತಶಕ ಯಾವುದು ಅಂತ ಹೇಳಲೇಬೇಕಾದ ಇಸವಿ, ಅದರ ಬದಲು ಯು ನಾಲ್ಕು ಸಲ ಬರೀಬೇಕು.

ಈ ಅಕ್ಷರಗಳ ಗೋಳಿಗೆ ಬರೋಣ. ಜಾವಾದಲ್ಲಿ ದೊಡ್ಡ ಎಮ್ ತಿಂಗಳು, ಸಣ್ಣ ಎಮ್ ನಿಮಿಷ. ಸಿ, ಪೈಥಾನ್ ಕಡೆ ಉಲ್ಟಾ, ಪರ್ಸೆಂಟ್ ಹಾಕಿ ಸಣ್ಣ ಎಮ್ ತಿಂಗಳು, ದೊಡ್ಡದು ನಿಮಿಷ. ಒರಾಕಲ್ ಡೇಟಾಬೇಸ್‌ನಲ್ಲಿ ದೊಡ್ಡದು ಸಣ್ಣದು ಅನ್ನೋ ಭೇದವೇ ಇಲ್ಲ, ಎಮ್ಎಮ್ ಯಾವಾಗಲೂ ತಿಂಗಳು, ನಿಮಿಷಕ್ಕೆ ಎಮ್ಐ. ಹಾಗಾಗಿ ಬೇರೆ ಕಡೆಯಿಂದ ಬಂದವರು ಒರಾಕಲ್‌ನಲ್ಲಿ ಗಂಟೆ ಪಕ್ಕ ಎಮ್ಎಮ್ ಬರೆದ್ರೆ ಮಾರ್ಚ್ ತಿಂಗಳ ಪೂರ್ತಿ ಎಲ್ಲಾ ಟೈಮೂ 10:03, 11:03, 12:03 ಅಂತಲೇ ತೋರಿಸುತ್ತೆ. ಅದನ್ನ ರಿಪೋರ್ಟ್‌ನಲ್ಲಿ ನೋಡಿದವರಿಗೂ ಬೇಗ ಹೊಳೆಯಲ್ಲ, ಟೈಮ್ ಥರಾನೇ ಇದ್ಯಲ್ಲ.

ಇದರಲ್ಲಿ ರಾಜ ಅಂದ್ರೆ ದೊಡ್ಡ ವೈ. ಮೊಮೆಂಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ದೊಡ್ಡ ವೈ ನಾಲ್ಕು, ದೊಡ್ಡ ಎಮ್ ಎರಡು, ದೊಡ್ಡ ಡಿ ಎರಡು ಹಾಕಿದ್ರೆ ನಮಗೆಲ್ಲ ಬೇಕಾಗಿರೋ ಇಸವಿ ತಿಂಗಳು ದಿನ ಬರುತ್ತೆ. ಆ ಸ್ಟ್ರಿಂಗ್ ಕಣ್ಣಿಗೂ ಚಂದ, ಎಲ್ಲಾ ಕ್ಯಾಪಿಟಲ್. ಅದನ್ನೇ ಕಾಪಿ ಹೊಡೆದು ಜಾವಾಗೆ ಅಂಟಿಸಿದ್ರೆ ಅಲ್ಲಿ ದೊಡ್ಡ ಡಿ ಅಂದ್ರೆ ವರ್ಷದ ಎಷ್ಟನೇ ದಿನ ಅಂತ. ಜನವರಿಯಲ್ಲಿ ಬರೆದ ಕೋಡ್ ಆದ್ರೆ ಜನವರಿ ಪೂರ್ತಿ ಸರಿಯಾಗೇ ಇರುತ್ತೆ, ಜನವರಿ 15 ವರ್ಷದ ಹದಿನೈದನೇ ದಿನವೇ ತಾನೆ. ಟೆಸ್ಟ್ ಪಾಸ್, ರಿಲೀಸ್ ಆಯ್ತು. ಫೆಬ್ರವರಿ 1ಕ್ಕೆ 32 ಅಂತ ಬರುತ್ತೆ. ಮಾರ್ಚ್ 4ಕ್ಕೆ ನೋಡಿದ್ರೆ 2024-03-64.

ದೊಡ್ಡ ಡಿ ಹೀಗೆ ಒಂದು ತಿಂಗಳಲ್ಲಿ ಬಾಯಿ ಬಿಡುತ್ತೆ, ದೊಡ್ಡ ವೈ ವರ್ಷಪೂರ್ತಿ ಬಾಯಿ ಮುಚ್ಕೊಂಡಿರುತ್ತೆ. ಅದು ಇಸವಿ ಅಲ್ಲ, ವಾರದ ಲೆಕ್ಕದ ಇಸವಿ. ಐಎಸ್ಒ ಅನ್ನೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್‌ನ ಲೆಕ್ಕದಲ್ಲಿ ವಾರ ಸೋಮವಾರ ಶುರು, ಆ ವಾರದ ಗುರುವಾರ ಯಾವ ಇಸವಿಗೆ ಬೀಳುತ್ತೋ ಪೂರ್ತಿ ವಾರ ಆ ಇಸವಿಯದ್ದು. 2024ರ ಡಿಸೆಂಬರ್ 30 ಸೋಮವಾರ, ಆ ವಾರದ ಗುರುವಾರ 2025ರ ಜನವರಿ 2, ಹಾಗಾಗಿ ಡಿಸೆಂಬರ್ 30 ಮತ್ತೆ 31 ಎರಡೂ 2025ರ ಮೊದಲ ವಾರದ ದಿನಗಳು. ಸಣ್ಣ ವೈ ಜಾಗದಲ್ಲಿ ದೊಡ್ಡ ವೈ ಹಾಕಿದ್ರೆ 2025-12-30 ಅಂತ ಪ್ರಿಂಟ್ ಆಗುತ್ತೆ, ಒಂದು ವರ್ಷ ಮುಂದೆ. ಜಾವಾದಲ್ಲಿ ಇದು ಲೊಕೇಲ್ (ಯಾವ ಭಾಷೆ, ಯಾವ ದೇಶ ಅನ್ನೋ ಸೆಟ್ಟಿಂಗ್) ಮೇಲೂ ನಿಂತಿದೆ, ಅಮೆರಿಕದ ಲೊಕೇಲ್‌ನಲ್ಲಿ ವಾರ ಭಾನುವಾರ ಶುರು ಆಗೋದ್ರಿಂದ ಆ ವರ್ಷ 29ನೇ ತಾರೀಕಿಂದಲೇ ಕೆಡುತ್ತೆ. ಉಲ್ಟಾನೂ ಆಗುತ್ತೆ, 2027ರ ಜನವರಿ 1 ಶುಕ್ರವಾರ, ಅದು ಐಎಸ್ಒ ಪ್ರಕಾರ ಇನ್ನೂ 2026ರ 53ನೇ ವಾರ. 2014ರ ಡಿಸೆಂಬರ್ 29ಕ್ಕೆ ಟ್ವಿಟರ್‌ನ ಆಂಡ್ರಾಯ್ಡ್ ಆಪ್‌ನಿಂದ ಜನ ಲಾಗೌಟ್ ಆಗಿದ್ದೂ ಹೀಗೇ, ಸರ್ವರ್ ಕಳಿಸ್ತಿದ್ದ ಡೇಟ್‌ನಲ್ಲಿ ಇಸವಿ 2015 ಅಂತ ಇತ್ತು. ಎಲ್ಲರೂ ರಜೆಯಲ್ಲಿರೋ ವಾರವನ್ನೇ ಹುಡುಕ್ಕೊಂಡು ಬರೋ ಬಗ್ ಇದು. ಕೋಡ್ ರಿವ್ಯೂನಲ್ಲಿ ಡೇಟ್ ಪ್ಯಾಟರ್ನ್ ಕಂಡ್ರೆ ನಾನಂತೂ ಬೇರೆ ಏನೂ ಓದೋಕೆ ಮುಂಚೆ ವೈ ಸಣ್ಣದಾ ದೊಡ್ಡದಾ ಅಂತ ನೋಡ್ತೀನಿ.

ಗೋ ಭಾಷೆಯವರು ಈ ಅಕ್ಷರಗಳ ಸಹವಾಸವೇ ಬೇಡ ಅಂತ ಒಂದು ನಿಗದಿತ ಕ್ಷಣ ಇಟ್ಕೊಂಡಿದ್ದಾರೆ, 2006ರ ಜನವರಿ 2, ಮಧ್ಯಾಹ್ನ 3:04:05. ಆ ಕ್ಷಣವನ್ನ ನಿಮಗೆ ಬೇಕಾದ ರೂಪದಲ್ಲಿ ಬರೆದು ತೋರಿಸಿದ್ರೆ ಅದೇ ಪ್ಯಾಟರ್ನ್. ಅಮೆರಿಕದ ಕ್ರಮದಲ್ಲಿ ಓದಿದ್ರೆ ಒಂದು ಎರಡು ಮೂರು ನಾಲ್ಕು ಐದು ಆರು ಅಂತ ಬರುತ್ತೆ, ಟೈಮ್‌ಝೋನ್ ಮೈನಸ್ ಏಳು. ಜಾಣತನ ಏನೋ ಸರಿ, ಆದ್ರೆ ತಿಂಗಳು 01 ದಿನ 02 ಅನ್ನೋದು ಅಮೆರಿಕದವರಿಗೆ ಮಾತ್ರ ಬಾಯಿಪಾಠ, ಬೇರೆ ದೇಶದವರಿಗೆ ಪ್ರತಿ ಸಲ ಗೂಗಲ್ ಮಾಡೋ ಕೆಲಸ.

ತಿಂಗಳು ಮೊದಲಾ ದಿನ ಮೊದಲಾ ಅನ್ನೋದು ಎಲ್ಲರಿಗೂ ಗೊತ್ತಿರೋ ಜಗಳ, 03/04/2024 ಮಾರ್ಚ್ ನಾಲ್ಕಾ ಏಪ್ರಿಲ್ ಮೂರಾ ಅಂತ ಸ್ಟ್ರಿಂಗ್ ನೋಡಿ ಹೇಳೋಕಾಗಲ್ಲ, ಅದರ ಬಗ್ಗೆ ಜಾಸ್ತಿ ಕೊರೆಯಲ್ಲ. ಆದ್ರೆ ಲೈಬ್ರರಿಗಳು ಇಲ್ಲಿ ಊಹೆ ಮಾಡೋ ರೀತಿ ನೋಡ್ಬೇಕು. ಪಿಎಚ್‌ಪಿ ಭಾಷೆಯ ಸ್ಟ್ರ್‌ಟುಟೈಮ್ ಫಂಕ್ಷನ್‌ಗೆ ಸ್ಲ್ಯಾಶ್ ಇದ್ರೆ ಅಮೆರಿಕದ ಕ್ರಮ, ಅಡ್ಡಗೆರೆ ಇದ್ರೆ ದಿನ ಮೊದಲು. ಅಂದ್ರೆ 03/04/2024 ಮತ್ತೆ 03-04-2024 ಎರಡೂ ಬೇರೆ ಬೇರೆ ದಿನ, ನಡುವೆ ಒಂದು ತಿಂಗಳ ಅಂತರ. ಕಡೇ ಪಕ್ಷ ಇದು ಬರೆದಿಟ್ಟ ನಿಯಮ. ಪೈಥಾನ್‌ನಲ್ಲಿ ಟೇಬಲ್ ಡೇಟಾಗೆ ಬಳಸೋ ಪಾಂಡಾಸ್ ಲೈಬ್ರರಿ 2.0ಗಿಂತ ಮುಂಚೆ ಏನು ಮಾಡ್ತಿತ್ತು ಅಂದ್ರೆ, ಸಿಎಸ್‌ವಿ ಫೈಲ್‌ನ ಒಂದು ಕಾಲಂ ಕೊಟ್ರೆ ಪ್ರತಿ ಸಾಲನ್ನೂ ಬೇರೆ ಬೇರೆ ಊಹೆ ಮಾಡ್ತಿತ್ತು. ಮೊದಲ ಸಾಲು 12/02/2023, ಇದು ತಿಂಗಳು ಮೊದಲು ಅಂದ್ಕೊಂಡು ಡಿಸೆಂಬರ್ 2. ಎರಡನೇ ಸಾಲು 13/02/2023, ಹದಿಮೂರನೇ ತಿಂಗಳು ಇಲ್ಲ, ಸೋ ದಿನ ಮೊದಲು ಅಂತ ಫೆಬ್ರವರಿ 13. ಒಂದೇ ಕಾಲಂ, ಒಂದೇ ಫೈಲ್, ಅಕ್ಕಪಕ್ಕದ ದಿನಗಳು, ಒಂದು ಡಿಸೆಂಬರ್‌ನಲ್ಲಿ ಇನ್ನೊಂದು ಫೆಬ್ರವರಿಯಲ್ಲಿ! ಗ್ರಾಫ್ ಹಾಕಿದ್ರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ಡೇಟಾ ವರ್ಷದ ತುಂಬಾ ಚೆಲ್ಲಾಪಿಲ್ಲಿ. 2023ರಲ್ಲಿ ಬಂದ 2.0ರಲ್ಲಿ ಮೊದಲ ಸಾಲಿಂದ ಫಾರ್ಮ್ಯಾಟ್ ಊಹಿಸಿ ಉಳಿದ ಎಲ್ಲದಕ್ಕೂ ಅದನ್ನೇ ಹಾಕಿ, ಹೊಂದದಿದ್ರೆ ಎರರ್ ಕೊಡೋ ಹಾಗೆ ಬದಲಾಯಿಸಿದ್ರು. ಅಪ್‌ಗ್ರೇಡ್ ಮಾಡಿದ ತಕ್ಷಣ ನಮ್ಮ ಸ್ಕ್ರಿಪ್ಟ್ ಒಡೆದುಹೋಯ್ತು ಅಂತ ಜನ ಗೊಣಗಿದ್ರು, ಒಡೆದಿದ್ದು ಸ್ಕ್ರಿಪ್ಟ್ ಅಲ್ಲ ಸ್ವಾಮಿ, ಅದು ಮೊದಲೇ ಒಡೆದಿತ್ತು, ಈಗ ಸದ್ದು ಬಂತು ಅಷ್ಟೇ.

ಎಕ್ಸೆಲ್ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ, ಅದು ಕೇಳದೇನೇ ಪಾರ್ಸ್ ಮಾಡುತ್ತೆ. ಮಾರ್ಚ್1, ಸೆಪ್ಟ್1 ಅನ್ನೋ ಹೆಸರಿನ ಜೀನ್‌ಗಳನ್ನ ಅದು ತಾರೀಕು ಮಾಡಿ ಮಾಡಿ ಕೊನೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಕಮಿಟಿಯವರು 2020ರ ಹೊತ್ತಿಗೆ ಜೀನ್ ಹೆಸರನ್ನೇ ಬದಲಾಯಿಸಿಕೊಂಡ್ರು. ಸಾಫ್ಟ್‌ವೇರ್ ಬದಲಾಗಲಿಲ್ಲ, ವಿಜ್ಞಾನ ಬದಲಾಯ್ತು. ಆಮೇಲೆ ಎಕ್ಸೆಲ್‌ನಲ್ಲಿ ಆ ಆಟೊಮ್ಯಾಟಿಕ್ ಕನ್ವರ್ಶನ್ ಆಫ್ ಮಾಡೋ ಆಪ್ಷನ್ ಬಂದಿದೆ. ಅಂದಹಾಗೆ ಅದೇ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಅನ್ನೋ ಇಲ್ಲದ ದಿನ ಇವತ್ತಿಗೂ ಇದೆ, ಲೋಟಸ್ 1-2-3 ಜೊತೆ ಹೊಂದಾಣಿಕೆ ಇರ್ಲಿ ಅಂತ ಅದರ ತಪ್ಪನ್ನೂ ಹಾಗೇ ಉಳಿಸಿಕೊಂಡಿದ್ದು. ಪೈಥಾನ್‌ಗೆ ಇಲ್ಲದ ಆ ದಿನ ಇವರ ಹತ್ರ ಇದೆ ನೋಡಿ.

ಇನ್ನು ಲೊಕೇಲ್. ಡೇಟನ್ನ ಮನುಷ್ಯರಿಗೆ ತೋರಿಸೋದು ಬೇರೆ, ಇನ್ನೊಂದು ಮಷೀನ್‌ಗೆ ಕಳಿಸೋದು ಬೇರೆ, ಎರಡಕ್ಕೂ ಒಂದೇ ಫಾರ್ಮ್ಯಾಟರ್ ಹಿಡ್ಕೊಂಡು ಹೋದ್ರೆ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ವೆಬ್‌ನ ಎಚ್‌ಟಿಟಿಪಿ ಸಂದೇಶಗಳ ಮೇಲ್ಭಾಗದಲ್ಲಿರೋ ಡೇಟ್ ಹೆಡರ್‌ನಲ್ಲಿ ವಾರ, ತಿಂಗಳು ಯಾವಾಗಲೂ ಇಂಗ್ಲಿಷಿನಲ್ಲಿ ಇರ್ಬೇಕು. ಬಳಕೆದಾರರ ಫೋನ್ ಕನ್ನಡದಲ್ಲಿದ್ದು ಕೋಡ್‌ನಲ್ಲಿ ಲೊಕೇಲ್ ಹೇಳದೇ ಬಿಟ್ಟಿದ್ರೆ "ಸೋಮ, 04 ಮಾರ್ಚ್ 2024" ಅಂತ ಸರ್ವರ್‌ಗೆ ಹೋಗುತ್ತೆ, ಸರ್ವರ್‌ಗೆ ಅದು ತಲೆಬುಡ ಅರ್ಥ ಆಗಲ್ಲ. ಫೋನ್ ಅರೇಬಿಕ್‌ನಲ್ಲಿದ್ರೆ ಅಂಕಿಗಳೇ ಅರೇಬಿಕ್ ಅಂಕಿಗಳಾಗಿ ಹೋಗಬಹುದು. ಐಫೋನ್‌ನಲ್ಲಿ ಬೌದ್ಧ ಕ್ಯಾಲೆಂಡರ್ ಆರಿಸಿಕೊಂಡಿದ್ರೆ 2024ರ ಬದಲು 2567 ಹೋಗುತ್ತೆ, 543 ವರ್ಷ ಜಾಸ್ತಿ. ಇಂಥ ಬಗ್‌ಗಳು ಡೆವಲಪರ್ ಫೋನ್‌ನಲ್ಲಿ ಯಾವತ್ತೂ ಬರಲ್ಲ, ನಮ್ಮೆಲ್ಲರ ಫೋನೂ ಇಂಗ್ಲಿಷಿನಲ್ಲೇ ಇರುತ್ತಲ್ಲ. ಮಷೀನ್‌ಗೆ ಕಳಿಸೋ ಡೇಟ್ ಆದ್ರೆ ಲೊಕೇಲ್ ಕೈಯಾರೆ ಬರೀಬೇಕು, ಜಾವಾದಲ್ಲಿ ರೂಟ್, ಆಪಲ್ ಕಡೆ ಇಂಗ್ಲಿಷ್ ಯುಎಸ್ ಪಾಸಿಕ್ಸ್.

ಇಂಗ್ಲಿಷಿನಲ್ಲೇ ಇದ್ರೂ ನೆಮ್ಮದಿ ಇದೆ ಅಂತಲ್ಲ. ತಿಂಗಳ ಹೆಸರು, ಎಎಮ್ ಪಿಎಮ್ ಎಲ್ಲಾ ಸಿಎಲ್‌ಡಿಆರ್ ಅನ್ನೋ ದೊಡ್ಡ ಡೇಟಾದಿಂದ ಬರುತ್ತೆ, ಅದರ 42ನೇ ವರ್ಶನ್‌ನಲ್ಲಿ ಅಮೆರಿಕನ್ ಇಂಗ್ಲಿಷಿನ ಟೈಮ್‌ನಲ್ಲಿ ಎಎಮ್‌ಗೆ ಮುಂಚಿನ ಸ್ಪೇಸ್ ತೆಗೆದು ಸಾಲು ಮುರಿಯದ ಒಂದು ಸಪೂರ ಸ್ಪೇಸ್ ಹಾಕಿದ್ರು. 2023ರ ಜಾವಾ ವರ್ಶನ್ ಆದ ಜೆಡಿಕೆ 20ರಲ್ಲಿ ಅದು ಬಂತು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಆದ್ರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ 10:30 ಎಎಮ್ ಪಾರ್ಸ್ ಆಗಲ್ಲ, ಟೆಸ್ಟ್‌ನಲ್ಲಿ ಬರಬೇಕಾಗಿದ್ದು ಮತ್ತೆ ಬಂದಿದ್ದು ಎರಡನ್ನೂ ಪಕ್ಕಪಕ್ಕ ಪ್ರಿಂಟ್ ಮಾಡಿದ್ರೆ ಅಕ್ಷರ ಅಕ್ಷರವೂ ಒಂದೇ, ಆದ್ರೂ ಫೇಲ್. ಇದರಲ್ಲಿ ತಪ್ಪು ಸಿಎಲ್‌ಡಿಆರ್‌ನೋರದ್ದು ಅಂತ ನಾನು ಹೇಳಲ್ಲ, ಮನುಷ್ಯರ ಕಣ್ಣಿಗೆ ಅಂತ ಫಾರ್ಮ್ಯಾಟ್ ಮಾಡಿದ್ದನ್ನ ಪಾರ್ಸ್ ಮಾಡೋಕೆ ಹೋದವರದ್ದು.

ಹಾಗಾದ್ರೆ ಮಷೀನ್‌ಗೆ ಏನು ಕಳಿಸೋದು? ಉತ್ತರ ಹೊಸದೇನಲ್ಲ, ಐಎಸ್ಒ 8601, 1988ರಿಂದ ಇದೆ. ಆದ್ರೆ ಆ ಸ್ಟ್ಯಾಂಡರ್ಡ್ ತುಂಬಾ ದೊಡ್ಡದು, ವಾರದ ರೂಪ, ವರ್ಷದ ದಿನದ ರೂಪ, ಅವಧಿ, ಅಡ್ಡಗೆರೆ ಇಲ್ಲದ ರೂಪ ಎಲ್ಲಾ ಇದೆ. ನಾವು ನಿಜವಾಗಿ ಬಳಸೋದು 2002ರ ಆರ್‌ಎಫ್‌ಸಿ 3339 ಅನ್ನೋ ಇಂಟರ್ನೆಟ್ ಸ್ಟ್ಯಾಂಡರ್ಡ್‌ನ ಚಿಕ್ಕ ರೂಪ, ಮೊದಲು ತಾರೀಕು, ನಡುವೆ ಟಿ ಅಕ್ಷರ, ಆಮೇಲೆ ಟೈಮು, ಕೊನೆಗೆ ಝಡ್ (ಯುಟಿಸಿ, ಅಂದ್ರೆ ಗ್ರೀನಿಚ್ ಆಧಾರದ ಜಾಗತಿಕ ಟೈಮ್) ಅಥವಾ +05:30 ಥರ ಆಫ್‌ಸೆಟ್, ಅಂದ್ರೆ ಯುಟಿಸಿಗಿಂತ ಎಷ್ಟು ಹಿಂದೆ ಮುಂದೆ ಅಂತ. ಆಫ್‌ಸೆಟ್ ಕಡ್ಡಾಯ, ಅದೇ ಇದರ ಬೆಲೆ. ಊಹೆಗೆ ಜಾಗ ಇಲ್ಲ. ಇಷ್ಟು ಸರಳ ಆದ್ರೂ ಪೈಥಾನ್‌ನ ಫ್ರಮ್‌ಐಸೊಫಾರ್ಮ್ಯಾಟ್ 3.7ರಲ್ಲಿ ಬಂದಾಗ ಕೊನೆಯ ಝಡ್ ಕಂಡ್ರೆ ಎರರ್ ಕೊಡ್ತಿತ್ತು, ಅದು ಸರಿಹೋಗಿದ್ದು 2022ರ 3.11ರಲ್ಲಿ. ಅಲ್ಲಿವರೆಗೆ ಪ್ರಪಂಚದ ಪೈಥಾನ್ ಕೋಡ್‌ಗಳಲ್ಲೆಲ್ಲ ಝಡ್ ತೆಗೆದು +00:00 ಹಾಕೋ ಒಂದು ಸಾಲು ಇರ್ತಿತ್ತು, ಇವತ್ತಿಗೂ ಹುಡುಕಿದ್ರೆ ಸಿಗುತ್ತೆ.

ಆಫ್‌ಸೆಟ್ ಬಿಟ್ರೆ ಏನಾಗುತ್ತೆ ಅನ್ನೋಕೆ ಜಾವಾಸ್ಕ್ರಿಪ್ಟ್. ಅಲ್ಲಿ ಡೇಟ್‌ಗೆ 2024-03-04 ಅಂತ ಬರೀ ತಾರೀಕು ಕೊಟ್ರೆ ಯುಟಿಸಿ ಮಧ್ಯರಾತ್ರಿ ಅಂತ ತಗೊಳ್ಳುತ್ತೆ, ಅದಕ್ಕೇ ಟಿ ಹಾಕಿ 00:00 ಸೇರಿಸಿದ್ರೆ ಲೋಕಲ್ ಟೈಮ್ ಅಂತ ತಗೊಳ್ಳುತ್ತೆ. ಹೌದು, ಜಾಸ್ತಿ ವಿವರ ಕೊಟ್ರೆ ಬೇರೆ ಅರ್ಥ. ಮೊದಲು ಎರಡೂ ಯುಟಿಸಿ ಅಂತ ಇತ್ತು, 2015ರ ಸ್ಟ್ಯಾಂಡರ್ಡ್‌ನಲ್ಲಿ ಎರಡೂ ಲೋಕಲ್ ಅಂದ್ರು, ವೆಬ್‌ಸೈಟ್‌ಗಳು ಒಡೀತವೆ ಅಂತ ಆಮೇಲೆ ಬರೀ ತಾರೀಕನ್ನ ಮಾತ್ರ ಮತ್ತೆ ಯುಟಿಸಿಗೆ ತಂದ್ರು. ಪರಿಣಾಮ ಏನಪ್ಪಾ ಅಂದ್ರೆ ಗ್ರೀನಿಚ್‌ಗೆ ಪಶ್ಚಿಮಕ್ಕೆ ಇರೋರು ಹುಟ್ಟಿದ ದಿನ ಅಂತ ಮಾರ್ಚ್ 4 ತುಂಬಿದ್ರೆ ಸ್ಕ್ರೀನ್‌ನಲ್ಲಿ ಮಾರ್ಚ್ 3 ಕಾಣುತ್ತೆ. ಹುಟ್ಟಿದ ದಿನ ಅನ್ನೋದು ಒಂದು ಕ್ಷಣ ಅಲ್ಲವೇ ಅಲ್ಲ, ಅದಕ್ಕೆ ಗಂಟೆಯೂ ಇಲ್ಲ ಝೋನೂ ಇಲ್ಲ, ಅದನ್ನ ಕ್ಷಣ ಇಡೋ ಟೈಪ್‌ನಲ್ಲಿ ತುರುಕಿದ್ದೇ ತಪ್ಪು. ಜಾವಾದ ಹೊಸ ಪ್ಯಾಕೇಜ್‌ನಲ್ಲಿ ಲೋಕಲ್‌ಡೇಟ್ ಬೇರೆ, ಇನ್‌ಸ್ಟಂಟ್ ಬೇರೆ. ಜಾವಾಸ್ಕ್ರಿಪ್ಟ್‌ಗೂ ಟೆಂಪೊರಲ್ ಅಂತ ಅದೇ ಥರದ್ದು ಬರ್ತಿದೆ, 2021ರಲ್ಲೇ ಸ್ಟ್ಯಾಂಡರ್ಡ್ ಆಗೋ ದಾರಿಯ ಮೂರನೇ ಹಂತ ಮುಟ್ಟಿದ್ದು 2025ರಲ್ಲಿ ಫೈರ್‌ಫಾಕ್ಸ್‌ಗೆ ಬಂತು.

ಝೋನ್ ಹೆಸರನ್ನ ಮೂರಕ್ಷರದಲ್ಲಿ ಕಳಿಸೋರಿಗೆ ಒಂದು ಮಾತು. ಐಎಸ್‌ಟಿ ಅಂದ್ರೆ ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಆಗಬಹುದು. ಗೋ ಭಾಷೆಗೆ ಗೊತ್ತಿಲ್ಲದ ಮೂರಕ್ಷರ ಕೊಟ್ರೆ ಆ ಹೆಸರಲ್ಲಿ ಒಂದು ಝೋನ್ ಸೃಷ್ಟಿ ಮಾಡಿ ಅದಕ್ಕೆ ಸೊನ್ನೆ ಆಫ್‌ಸೆಟ್ ಕೊಡುತ್ತೆ. ನೋಡೋಕೆ ಐಎಸ್‌ಟಿ, ಒಳಗೆ ಯುಟಿಸಿ. ಇಂಥ ಊಹೆಗಿಂತ ಪ್ಯಾನಿಕ್ ಆಗಿ ಬಿದ್ದಿದ್ರೇ ಚೆನ್ನಾಗಿತ್ತು.

"ಎಲ್ಲಾ ಯುಟಿಸಿಯಲ್ಲಿ ಇಡಿ, ತೋರಿಸೋವಾಗ ಮಾತ್ರ ಬದಲಾಯಿಸಿ" ಅನ್ನೋ ಸಲಹೆ ಎಲ್ಲರೂ ಕೊಡ್ತಾರೆ, ಆಗಿಹೋದ ಘಟನೆಗಳಿಗೆ ಅದು ಸರಿ. ಮುಂದಿನ ಮೀಟಿಂಗ್‌ಗಳಿಗೆ ಸರಿ ಅಲ್ಲ. ಮೆಕ್ಸಿಕೊ 2022ರ ಅಕ್ಟೋಬರ್‌ನಲ್ಲಿ ಬೇಸಿಗೆ ಟೈಮ್ ಪದ್ಧತಿಯನ್ನ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋದು) ದೇಶದ ಬಹುಪಾಲು ಕಡೆ ಕೈಬಿಡ್ತು. ಅದಕ್ಕೂ ಮುಂಚೆ ಯಾರೋ 2023ರ ಜೂನ್‌ನಲ್ಲಿ ಮೆಕ್ಸಿಕೊ ಸಿಟಿ ಟೈಮ್ ಬೆಳಿಗ್ಗೆ 10ಕ್ಕೆ ಮೀಟಿಂಗ್ ಇಟ್ಟಿದ್ರು, ಆಪ್ ಅದನ್ನ ಆವಾಗಿನ ನಿಯಮದ ಪ್ರಕಾರ ಐದು ಗಂಟೆ ಸೇರಿಸಿ ಯುಟಿಸಿ 15:00 ಅಂತ ಇಟ್ಕೊಂಡಿತ್ತು ಅಂದ್ಕೊಳ್ಳಿ. ನಿಯಮ ಬದಲಾದ್ಮೇಲೆ ಆಫ್‌ಸೆಟ್ ಮೈನಸ್ ಆರು, ಕ್ಯಾಲೆಂಡರ್ ಒಂಬತ್ತಕ್ಕೆ ಮೀಟಿಂಗ್ ಅನ್ನುತ್ತೆ, ಮನುಷ್ಯರು ಹತ್ತಕ್ಕೇ ಬರ್ತಾರೆ. ಇಲ್ಲಿ ಇಟ್ಕೊಬೇಕಾಗಿದ್ದು ಹತ್ತು ಗಂಟೆ ಅನ್ನೋ ಲೋಕಲ್ ಟೈಮ್, ಜೊತೆಗೆ ಅಮೆರಿಕ ಸ್ಲ್ಯಾಶ್ ಮೆಕ್ಸಿಕೊ ಸಿಟಿ ಅನ್ನೋ ಪೂರ್ತಿ ಝೋನ್ ಹೆಸರು. ಹಾಗೆ ಝೋನ್ ಹೆಸರನ್ನ ಸ್ಟ್ರಿಂಗ್ ಕೊನೆಯಲ್ಲಿ ಚೌಕ ಕಂಸದಲ್ಲಿ ಬರೆಯೋ ಪದ್ಧತಿಗೆ 2024ರಲ್ಲಿ ಆರ್‌ಎಫ್‌ಸಿ 9557 ಅಂತ ಸ್ಟ್ಯಾಂಡರ್ಡೂ ಬಂದಿದೆ.

ಇದೆಲ್ಲ ಬೇಡ, ನಂಬರ್ ಕಳಿಸ್ತೀನಿ, 1970ರಿಂದ ಎಷ್ಟು ಸೆಕೆಂಡ್ ಅಂತ, ಪಾರ್ಸಿಂಗೇ ಇಲ್ಲ ಅನ್ನೋರಿದ್ದಾರೆ. ತಪ್ಪೇನಿಲ್ಲ, ಆದ್ರೆ ಒಬ್ಬರು ಸೆಕೆಂಡ್ ಕಳಿಸಿ ಇನ್ನೊಬ್ಬರು ಮಿಲಿಸೆಕೆಂಡ್ ಅಂತ ಓದಿದ್ರೆ 1709548200 ಅನ್ನೋ 2024ರ ಮಾರ್ಚ್ 4ರ ಕ್ಷಣ 1970ರ ಜನವರಿ 20 ಆಗುತ್ತೆ. ಇವತ್ತಿನ ಕಾಲದ ಯಾವ ಸೆಕೆಂಡ್ ಲೆಕ್ಕ ಹೀಗೆ ತಪ್ಪಾಗಿ ಓದಿದ್ರೂ 1970ರ ಜನವರಿ ಮೂರನೇ ವಾರದ ಆಸುಪಾಸಿಗೇ ಬೀಳೋದು, ಅದನ್ನ ಕಂಡ ತಕ್ಷಣ ಕಾರಣ ಗೊತ್ತಾಗಿಬಿಡುತ್ತೆ, ಅದೊಂದು ಸಮಾಧಾನ. ಉಲ್ಟಾ ಆದ್ರೆ ಇಸವಿ 56 ಸಾವಿರದ ಹತ್ರ.

ಟೆಸ್ಟ್ ಬರೆಯೋವಾಗ ನಾನು ಮಾರ್ಚ್ 3, ಏಪ್ರಿಲ್ 4 ಥರದ ತಾರೀಕು ಹಾಕಲ್ಲ. 3/3 ಅಂತ ಹಾಕಿದ್ರಂತೂ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ, ಕ್ರಮ ಅದಲುಬದಲಾದ್ರೂ ಪಾಸ್ ಆಗುತ್ತೆ. ಒಂದು ದಿನ 12ಕ್ಕಿಂತ ಜಾಸ್ತಿ ಇರಲಿ, ಒಂದು ಕಡಿಮೆ ಇರಲಿ, ಒಂದು ಫೆಬ್ರವರಿ 29, ಒಂದು 2024ರ ಡಿಸೆಂಬರ್ 30, ಒಂದು ಮಧ್ಯಾಹ್ನ ಹನ್ನೆರಡೂವರೆ, ಒಂದು ರಾತ್ರಿ ಹನ್ನೆರಡೂವರೆ. 2016ರ ಡಿಸೆಂಬರ್ 31ರ 23:59:60 ಅನ್ನೋ ಲೀಪ್ ಸೆಕೆಂಡ್ (ಗಡಿಯಾರಕ್ಕೆ ಸೇರಿಸಿದ ಹೆಚ್ಚುವರಿ ಸೆಕೆಂಡ್) ನಿಜವಾಗ್ಲೂ ಇದ್ದ ಕ್ಷಣ, ಅದನ್ನ ಕೊಟ್ರೆ ನಿಮ್ಮ ಪಾರ್ಸರ್ ಏನು ಮಾಡುತ್ತೆ ಅಂತ ಒಂದ್ಸಲ ನೋಡಿಟ್ಕೊಳ್ಳಿ, ಬೇಡ ಅಂದ್ರೂ ಪರವಾಗಿಲ್ಲ, ಬೇಡ ಅನ್ನುತ್ತೆ ಅಂತ ಗೊತ್ತಿರಲಿ. ಮತ್ತೆ ಫೇಲ್ ಆಗಲೇಬೇಕಾದ ಸ್ಟ್ರಿಂಗ್‌ಗಳಿಗೂ ಟೆಸ್ಟ್ ಬೇಕು, 2024-13-45, ಫೆಬ್ರವರಿ 30, ತಾರೀಕಿನ ಹಿಂದೆ ಏನೋ ಕಸ ಅಂಟಿರೋದು. ಟೆಸ್ಟ್ ಓಡೋ ಸರ್ವರ್‌ಗಳೆಲ್ಲ ಸಾಮಾನ್ಯವಾಗಿ ಯುಟಿಸಿ ಮತ್ತೆ ಇಂಗ್ಲಿಷ್ ಲೊಕೇಲ್‌ನಲ್ಲೇ ಇರ್ತವೆ, ಅಲ್ಲಿ ಅರ್ಧ ಬಗ್ ಕಾಣೋದೇ ಇಲ್ಲ. ಅದಕ್ಕೆ ಅದೇ ಟೆಸ್ಟ್‌ಗಳನ್ನ ಝೋನ್ ಬದಲಾಯಿಸಿ ಇನ್ನೊಂದ್ಸಲ ಓಡಿಸೋದು ಒಳ್ಳೇದು, ನನ್ನ ಆಯ್ಕೆ ಕಠ್ಮಂಡು, +05:45. ಅರ್ಧ ಗಂಟೆಗೆ ಹೊಂದ್ಕೊಂಡಿರೋ ಕೋಡೂ ಆ ಮುಕ್ಕಾಲು ಗಂಟೆ ಕಂಡ್ರೆ ತಡವರಿಸುತ್ತೆ.